ಚಾವಿ ತೆಗೆದರೂ ನಿಲ್ಲದ ಎಂಜಿನ್ನು

ಟರ್ಬೊ ಟೈಮರ್ ಇರುವ ಕಾರಿಗೆ ಅಲಾರ್ಮ್ ಹಾಕಿಕೊಡಿ ಎಂದು ಯಾರಾದರೂ ಬಂದರೆ ಮೊದಲು ಆಗುವುದಿಲ್ಲ ಎಂದು ಹೇಳಿ ನೋಡಿ. ಕೆಲವರು ವಾಪಸ್ ಹೋಗುತ್ತಾರೆ, ಅಷ್ಟು ಪುಣ್ಯ. ಹೋಗದವರಿಗೆ ಹಾಕಿಕೊಡಲೇಬೇಕಾಗುತ್ತದೆ. ಅವರ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಬೇಕಾದ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಗಂಗವ್ವ. ಹುಬ್ಬಳ್ಳಿಯವಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಆಟೊ ಎಲೆಕ್ಟ್ರಿಕ್ ಅಂಗಡಿಯಲ್ಲಿ ಡೈನಮೊಗೆ ತಂತಿ ಸುತ್ತಲು ಕುಳಿತವಳು. ಮದುವೆಯಾದ ಮೇಲೆ ಗಂಡನಿಗೆ ಈ ಡಚ್ಚರ ದೇಶದ ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಕೆಲಸ ಸಿಕ್ಕಿ, ಪಕ್ಕದ ಬಾಡ್‌ಹೂವೆಡಾರ್ಪ್‌ನಲ್ಲಿ ಮನೆ ಮಾಡಿದೆವು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತು. ಎರಡು ಬೀದಿ ಆಚೆಗಿದ್ದ ಕಾರು ವರ್ಕ್‌ಶಾಪಿಗೆ ಹೋಗಿ ಕೆಲಸ ಕೇಳಿದೆ. ಅಲ್ಲೇ ಇಪ್ಪತ್ತೆರಡು ವರ್ಷ ಕಾರುಗಳಿಗೆ ಅಲಾರ್ಮ್ ಕೂರಿಸಿದೆ. ಈಗ ಮೊಣಕಾಲು ಎರಡೂ ಹೋಗಿವೆ. ಇಲ್ಲಿನ ಎನ್ಸ್‌ಕೆಡೆ ಊರಿನಲ್ಲಿ ಓದು ಮುಗಿಸಿ ಇದೇ ಕೆಲಸಕ್ಕೆ ಸೇರುತ್ತಿರುವ ನಮ್ಮ ಕಡೆಯ ಮೂರು ನಾಲ್ಕು ಮಂದಿ, 'ಅಜ್ಜಿ, ನಿಮ್ಮ ಅನುಭವ ಬರೆದುಕೊಡಿ' ಎಂದು ಬೆನ್ನು ಬಿದ್ದರು. ಬರೆದಿದ್ದೇನೆ. ಕಾಗುಣಿತವನ್ನು ಸೊಸೆ ತಿದ್ದಿದ್ದಾಳೆ. ಎರಡು ಕಡೆ ಬೈಗುಳವನ್ನೂ ತೆಗೆದಿದ್ದಾಳೆ. ಎಲ್ಲಿ ಎಂದು ನಿಮಗೇ ತಿಳಿಯುತ್ತದೆ.

ವರ್ಕ್‌ಶಾಪಿನ ಮಾಲೀಕ ಹೆಂಕ್. ಆರೂವರೆ ಅಡಿ ಆಳು, ಒಂದೊಂದು ಬೆರಳೂ ಬಾಳೆಕಾಯಿ. ಡ್ಯಾಶ್‌ಬೋರ್ಡಿನ ಕೆಳಗೆ ಅವನ ಭುಜವೇ ಹೋಗುತ್ತಿರಲಿಲ್ಲ. ನನ್ನನ್ನು ತೆಗೆದುಕೊಂಡಿದ್ದು ವಿದ್ಯೆ ನೋಡಿ ಅಲ್ಲ, ಅಳತೆ ನೋಡಿ. ಮೊದಲ ದಿನ 'ಸರ್' ಎಂದೆ. 'ಇಲ್ಲಿ ಸರ್ ಯಾರೂ ಇಲ್ಲ, ಹೆಂಕ್ ಅನ್ನು' ಎಂದು ಮುಖ ಕೆಂಪಗೆ ಮಾಡಿಕೊಂಡ. ನನ್ನ ಹೆಸರನ್ನು ಅವನು ಗಂಟಲಿನಿಂದ ಕೆರೆದು ತೆಗೆಯುತ್ತಿದ್ದ. ಕೊನೆಯವರೆಗೂ ನಾನು ಅವನಿಗೆ ಖಂಗಾ. ದಿನಾ ಮಧ್ಯಾಹ್ನ ಎರಡು ತುಂಡು ಬ್ರೆಡ್ಡು, ನಡುವೆ ಒಂದು ಚೀಸು, ಒಂದು ಲೋಟ ಮಜ್ಜಿಗೆ. ಊಟದ ವಿಷಯದಲ್ಲಿ ಅವನಿಗೆ ಬುದ್ಧಿ ಇದ್ದದ್ದು ಆ ಮಜ್ಜಿಗೆಯಷ್ಟೇ.

ಹೆಂಕ್‌ನ ಒಂದು ನಿಯಮವಿತ್ತು: ಅಲಾರ್ಮಿನ ತಂತಿಗಳೆಲ್ಲ ಕಪ್ಪಾಗಿಯೇ ಇರಬೇಕು. ಬಣ್ಣದ ತಂತಿ ಇದ್ದರೆ ಯಾವುದನ್ನು ಕತ್ತರಿಸಬೇಕೆಂದು ಕಳ್ಳನಿಗೆ ತಿಳಿದುಬಿಡುತ್ತದಂತೆ. ಕಳ್ಳನಿಗೆ ಕಷ್ಟವಾಯಿತೋ ಇಲ್ಲವೋ, ನನಗಂತೂ ಆಯಿತು. ತಂತಿಗೆ ಅಂಟಿಸಿದ ಚೀಟಿಯ ಮೇಲಿನ ಡಚ್ ಅಕ್ಷರ ಓದುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಅದಕ್ಕೆ ನಾನು ಹೂ ಕಟ್ಟುವ ದಾರದಿಂದ ತಂತಿಗೆ ಗಂಟು ಹಾಕತೊಡಗಿದೆ. ಒಂದು ಗಂಟು ಬ್ಯಾಟರಿ, ಎರಡು ಚಾವಿ, ಮೂರು ಬಾಗಿಲು, ನಾಲ್ಕು ಹ್ಯಾಂಡ್‌ಬ್ರೇಕು. ಕತ್ತಲೆಯಲ್ಲೂ ಬೆರಳಿಗೆ ತಿಳಿಯುತ್ತದೆ. ಹೆಂಕ್ ಮೊದಲು ನೋಡಿ, 'ಇದೇನು ಮಾಟ ಮಾಡ್ತಿದೀಯಾ?' ಎಂದ. ಆರು ತಿಂಗಳು ಕಳೆಯುವಷ್ಟರಲ್ಲಿ ಅವನೇ, 'ಖಂಗಾ, ಬಾಗಿಲಿಗೆ ಎಷ್ಟು ಗಂಟು?' ಎಂದು ಕೂಗುತ್ತಿದ್ದ.

ಈ ದೇಶದಲ್ಲಿ ಅಲಾರ್ಮ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೂರಿಸಿದವರು ಸರ್ಟಿಫಿಕೇಟಿಗೆ ಸಹಿ ಮಾಡಬೇಕು. ಆ ಸಹಿ ಇಲ್ಲದಿದ್ದರೆ ಕಾರು ಕಳುವಾದರೆ ವಿಮೆಯವರು ಕೈ ಅಲ್ಲಾಡಿಸುತ್ತಾರೆ. ಸಹಿ ಮಾಡುವ ಅಧಿಕಾರಕ್ಕೆ ಡಚ್ ಭಾಷೆಯಲ್ಲಿ ಪರೀಕ್ಷೆ. ಎರಡು ಸಲ ಫೇಲಾದೆ. ಮೂರನೇ ಸಲ ಮಗ ಪುಸ್ತಕ ಓದಿ ಹೇಳಿದ, ನಾನು ರೊಟ್ಟಿ ಬಡಿಯುತ್ತಾ ಬಾಯಿಪಾಠ ಮಾಡಿದೆ, ಪಾಸಾದೆ. ಅಲ್ಲಿಯವರೆಗೆ ನಾನು ಹೆಂಕ್‌ನ ಕೈಕೆಳಗೆ ತಂತಿ ಎಳೆಯುವ ಹೆಂಗಸು. ನಾಲ್ಕನೇ ಇಯತ್ತೆಯವಳ ಸಹಿಯನ್ನು ಒಂದು ವಿಮಾ ಕಂಪನಿ ನಂಬುತ್ತದೆ ಎಂದರೆ ಏನೆಂದು ನಿಮ್ಮಂಥ ಓದಿದವರಿಗೆ ತಿಳಿಯಲಿಕ್ಕಿಲ್ಲ. ಬಡ್ತಿ ಗಿಡ್ತಿ ಬಗ್ಗೆ ನನ್ನಲ್ಲಿ ಹೇಳಲು ಏನೂ ಇಲ್ಲ. ನನ್ನ ಹತ್ತಿರ ಇದ್ದದ್ದು ಆ ಸಹಿ ಒಂದೇ. ಅದನ್ನು ಒಂದು ಗೇಣುದ್ದದ ತಂತಿಗೆ ಕಳೆದುಕೊಂಡೆ.

ಅದಕ್ಕೂ ಮೊದಲು, ಅಲಾರ್ಮ್ ಕೆಲಸದವರಿಗೆ ದಿನದಿನವೂ ಎಂಥ ಗಿರಾಕಿಗಳು ಗಂಟುಬೀಳುತ್ತಾರೆ ಎಂಬುದೂ ಗೊತ್ತಿರಲಿ. ಒಮ್ಮೆ ಮುದುಕನೊಬ್ಬ ಬಂದು, ಕಾರಿನಿಂದ ಹೊರಗೆ ಚಾಚಿದ್ದ ನನ್ನ ಕಾಲುಗಳನ್ನು ನೋಡಿ, 'ಮೆಕ್ಯಾನಿಕ್ ಎಲ್ಲಿ?' ಎಂದು ಆ ಕಾಲುಗಳನ್ನೇ ಕೇಳಿದ. 'ಒಳಗಿದ್ದಾಳೆ' ಎಂದೆ. ಅವನು ವರ್ಕ್‌ಶಾಪಿನ ಒಳಕೋಣೆಗೆ ಹೋಗಿ ಹತ್ತು ನಿಮಿಷ ಹುಡುಕಿ ಬಂದ. ಇನ್ನೊಮ್ಮೆ ಬೆಂಗಳೂರಿನ ಗಂಡ ಹೆಂಡತಿ ನಾಲ್ಕು ಸಲ ಬಂದರು: ವಿನಾಕಾರಣ ಅಲಾರ್ಮ್ ಕೂಗುತ್ತದೆ. ನಾಲ್ಕು ಸಲವೂ ಎಲ್ಲ ಬಿಚ್ಚಿ ನೋಡಿದೆ, ಏನೂ ಇಲ್ಲ. ನಾಲ್ಕನೇ ಸಲ ಕಣ್ಣಿಗೆ ಬಿತ್ತು: ಕನ್ನಡಿಗೆ ಮೊಳ ಉದ್ದದ ಮಣಿಸರ, ಅದರ ತುದಿಗೆ ಗಣಪತಿ. ಕಾರಿನೊಳಗೆ ಏನಾದರೂ ಅಲ್ಲಾಡಿದರೆ ಕೂಗುವ ಅಲಾರ್ಮ್ ಅದು. ತಲೆಯ ಮೇಲೆ ವಿಮಾನ ಇಳಿದಾಗಲೆಲ್ಲ ಗಣಪತಿ ತೂಗುತ್ತಿದ್ದ. ತೆಗೆಯಿರಿ ಎಂದರೆ, 'ನಮ್ಮತ್ತೆ ಕಟ್ಟಿದ್ದು ಆಂಟಿ, ತೆಗೆಯೋ ಹಾಗಿಲ್ಲ' ಎಂದಳು ಹೆಂಡತಿ. 'ಹಂಗಾರ ನಿಮ್ಮತ್ತೀನ ಕರಕೊಂಡ್ ಬಾ, ಕಾರು ಕಾಯಾಕ' ಎಂದೆ. ಮುಖ ಊದಿಸಿಕೊಂಡು ಹೋದರು. ಆಮೇಲೆ ಬರಲಿಲ್ಲ, ಅಂದರೆ ತೆಗೆದರು.

ಟರ್ಬೊ ಟೈಮರ್ ಇದಕ್ಕಿಂತ ಹತ್ತು ಪಾಲು ತಲೆನೋವು.

ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಫ್ಯಾನು. ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಹೆಚ್ಚು ಓಡಿಸುತ್ತದೆ. ಜೋರಾಗಿ ಓಡಿ ಬಂದ ಕಾರಿನಲ್ಲಿ ಅದು ಕೆಂಪಗೆ ಕಾದಿರುತ್ತದೆ. ಆಗ ಎಂಜಿನ್ನನ್ನು ತಟ್ಟನೆ ನಿಲ್ಲಿಸಿದರೆ ಅದರೊಳಗೆ ಹರಿಯುತ್ತಿದ್ದ ಎಣ್ಣೆ ನಿಂತಲ್ಲೇ ನಿಂತು, ಒಲೆಯ ಮೇಲೆ ಮರೆತ ಒಗ್ಗರಣೆಯ ಹಾಗೆ ಸೀದು ಕರಿ ಹಿಡಿಯುತ್ತದೆ. ಅದಕ್ಕೇ ಟರ್ಬೊ ಟೈಮರ್ ಎಂಬ ಡಬ್ಬಿ. ನೀವು ಚಾವಿ ತೆಗೆದರೂ ಅದು ಎರಡು ಮೂರು ನಿಮಿಷ ಎಂಜಿನ್ನನ್ನು ನಿಧಾನಕ್ಕೆ ಓಡಿಸುತ್ತಿದ್ದು, ತಣ್ಣಗಾದ ಮೇಲೆ ತಾನೇ ನಿಲ್ಲಿಸುತ್ತದೆ. ಅಲಾರ್ಮಿನ ಬುದ್ಧಿ ಇದಕ್ಕೆ ಉಲ್ಟಾ. ಚಾವಿ ತೆಗೆದು ಬಾಗಿಲು ಹಾಕಿದ ಮೇಲೆ ಎಂಜಿನ್ ಓಡಬಾರದು, ಕಾರು ನಡುಗಬಾರದು. ನಡುಗಿದರೆ ಕಳ್ಳ ಬಂದನೆಂದು ಬೊಬ್ಬೆ. ಒಂದೇ ಅಡಿಗೆಮನೆಯಲ್ಲಿ ಅತ್ತೆ ಒಲೆ ಉರಿಯಲಿ ಎನ್ನುತ್ತಾಳೆ, ಸೊಸೆ ಆರಿಸು ಎನ್ನುತ್ತಾಳೆ.

ಇವೆರಡನ್ನೂ ಒಂದೇ ಕಾರಿಗೆ ಹಾಕಿಸಲು ಬಂದವನು ಪ್ರವೀಣ. ಮೈಸೂರಿನವನು, ಇಲ್ಲೇ ಬಾಡ್‌ಹೂವೆಡಾರ್ಪ್‌ನಲ್ಲಿ ಹೆಂಡತಿ ಸುಮನಾಳ ಜೊತೆ ಮನೆ ಮಾಡಿಕೊಂಡು ದ ಹೇಗ್‌ಗೆ ಕಂಪ್ಯೂಟರ್ ಕೆಲಸಕ್ಕೆ ಹೋಗಿ ಬರುತ್ತಿದ್ದ. ಇಪ್ಪತ್ತು ವರ್ಷ ಹಳೆಯ ಜಪಾನಿ ಟರ್ಬೊ ಕಾರು ಕೊಂಡಿದ್ದ. ಟೈಮರನ್ನು ಅಂಚೆಯಲ್ಲಿ ತರಿಸಿ, ಡಬ್ಬಿಯ ಸಮೇತ ನನ್ನ ಮುಂದೆ ಇಟ್ಟ.

'ಆಂಟಿ, ಇದನ್ನೂ ಫಿಟ್ ಮಾಡ್ಬಿಡಿ, ಅಲಾರ್ಮೂ ಹಾಕ್ಬಿಡಿ. ಒಂದೇ ದಿನದಲ್ಲಿ ಆಗುತ್ತಲ್ವಾ?'

'ಆಗಂಗಿಲ್ಲ.'

'ಯಾಕೆ ಆಂಟಿ? ವಿಡಿಯೊದಲ್ಲಿ ಒಬ್ಬ ಇಪ್ಪತ್ತು ನಿಮಿಷದಲ್ಲಿ ಮಾಡ್ತಾನೆ.'

'ಹಂಗಾರ ಅವನ ಕಡೇನ ಹೋಗು.'

'ಅವನು ಆಸ್ಟ್ರೇಲಿಯಾದಲ್ಲಿದಾನೆ ಆಂಟಿ.'

'ಮನಿಗೆ ಬಂದ ಮ್ಯಾಲೆ ಮೂರು ನಿಮಿಷ ಎಂಜಿನ್ ಚಾಲೂ ಇಟ್ಟು ಕಾರಿನಾಗ ಕುಂದ್ರು. ಈ ಡಬ್ಬಿ ಯಾಕ ಬೇಕು ನಿನಗ?'

'ಮೂರು ನಿಮಿಷ ಸುಮ್ನೆ ಕೂತ್ಕೊಳ್ಳೋದಾ?' ಎಂದು ಅವನು ನನಗೇ ಬುದ್ಧಿ ಕೆಟ್ಟಿದೆಯೇನೋ ಎಂಬಂತೆ ನೋಡಿದ.

ಮೂರು ನಿಮಿಷ ಸುಮ್ಮನೆ ಕೂರಲಾರದವನಿಗಾಗಿ ನಾನು ಮೂರು ವಾರ ಬೆನ್ನ ಮೇಲೆ ಮಲಗಿದೆ.

ಮೊದಲು ಎಲ್ಲರೂ ಮಾಡುವ ಹಾಗೆ ಮಾಡಿದೆ. ಟೈಮರ್ ಕೂರಿಸಿ, ಅಲಾರ್ಮಿನ ಎರಡು ಗಂಟಿನ ತಂತಿಯನ್ನು ಚಾವಿಯಿಂದ ಎಂಜಿನ್ನಿಗೆ ಕರೆಂಟು ಹೋಗುವ ತಂತಿಗೆ ಸೇರಿಸಿದೆ. ಆ ಸಂಜೆಯೇ ಫೋನು.

'ಆಂಟಿ, ಲಾಕೇ ಆಗ್ತಿಲ್ಲ. ರಿಮೋಟ್ ಒತ್ತಿದ್ರೆ ಮೂರು ಸಲ ಕುಂಯ್ ಅಂತ ಬೈಯುತ್ತೆ.'

ಬೈಯದೆ ಏನು ಮಾಡೀತು? ಟೈಮರ್ ಅದೇ ತಂತಿಗೆ ಕರೆಂಟು ಕೊಡುತ್ತಿದೆ. ಯಜಮಾನ ಇನ್ನೂ ಒಳಗೇ ಇದ್ದಾನೆ, ಚಾವಿ ಇನ್ನೂ ತಿರುಗಿಯೇ ಇದೆ ಎಂದು ಅಲಾರ್ಮ್ ತಿಳಿದಿದೆ. ಮಾರನೆಯ ದಿನ ಆ ತಂತಿಯನ್ನು ಕತ್ತರಿಸಿ, ಟೈಮರಿನ ಕರೆಂಟು ಹಿಂದಕ್ಕೆ ಬಾರದ ಹಾಗೆ ಬೇರೆ ಮಾಡಿ, ಅಲಾರ್ಮನ್ನು ಚಾವಿಯ ಕಡೆಯ ತುಂಡಿಗೆ ಸೇರಿಸಿದೆ. ಈಗ ಚಾವಿ ತೆಗೆದೊಡನೆ ಅಲಾರ್ಮಿಗೆ ತಿಳಿಯುತ್ತದೆ. ಮತ್ತೆ ಫೋನು.

'ಲಾಕ್ ಆಗುತ್ತೆ ಆಂಟಿ, ಆದ್ರೆ ಲಾಕ್ ಮಾಡಿದ ತಕ್ಷಣ ಎಂಜಿನ್ ಆಫ್.'

ಅದೂ ಸರಿಯೇ. ಲಾಕ್ ಆದ ಕೂಡಲೇ ಎಂಜಿನ್ನಿನ ಕರೆಂಟು ಕತ್ತರಿಸುವುದು ಅಲಾರ್ಮಿನ ಧರ್ಮ. ಟೈಮರ್ ಓಡುವಷ್ಟು ಹೊತ್ತು ಅದನ್ನು ತಡೆಯಲು ಒಂದು ರಿಲೇ ಹಾಕಿದೆ, ಅಂದರೆ ಕರೆಂಟು ಬಂದರೆ ಏಳುವ, ಹೋದರೆ ಬೀಳುವ ಸ್ವಿಚ್ಚು. ಎಂಜಿನ್ ಓಡಿತು, ಲಾಕೂ ಆಯಿತು. ಓಡುವ ಎಂಜಿನ್ನಿಗೆ ಕಾರು ನಡುಗಿತು, ನಡುಕ ಹಿಡಿಯುವ ಸೆನ್ಸರ್ ಕಳ್ಳ ಬಂದನೆಂದು ಬೊಬ್ಬೆ ಹೊಡೆಯಿತು. ಈ ಸಲ ಪ್ರವೀಣ ಫೋನು ಮಾಡಲಿಲ್ಲ, ಒಂದು ಕಾಗದ ಹಿಡಿದು ನೇರ ಬಂದ. ಪಕ್ಕದ ಮನೆಯಾಕೆ ಬರೆದು ಬಾಗಿಲ ಸಂದಿಯಲ್ಲಿ ಹಾಕಿದ್ದಳಂತೆ. ಈ ದೇಶದವರು ಬೈಯುವುದಿದ್ದರೆ ಕಾಗದ ಬರೆದು, ಕೆಳಗೆ ಪ್ರೀತಿಯ ವಂದನೆಗಳು ಎಂದು ಸೇರಿಸುತ್ತಾರೆ. ಯಜಮಾನನಿಲ್ಲದ ಕಾರು ಬೀದಿಯಲ್ಲಿ ಹೊಗೆ ಬಿಡುತ್ತಾ ಕೂಗುವುದು ಆಕೆಯ ಇಬ್ಬರು ಪುಟ್ಟ ಮಕ್ಕಳಿಗೆ ಒಳ್ಳೆಯದಲ್ಲ ಎಂದಿತ್ತು. ಆಕೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಕೊನೆಗೆ ದಾರಿ ಸಿಕ್ಕಿತು. ಗಮನವಿಟ್ಟು ಓದಿ, ನಿಮಗೂ ಬೇಕಾಗುತ್ತದೆ. ಟೈಮರಿನಿಂದ ಎಂಜಿನ್ನಿಗೆ ಹೋಗುವ ಕರೆಂಟಿನಿಂದಲೇ ಎರಡು ಜೋಡಿ ಬಾಯಿರುವ ರಿಲೇ ಒಂದನ್ನು ಎಬ್ಬಿಸಿ. ಒಂದು ಜೋಡಿ ಎಂಜಿನ್ ಕತ್ತರಿಸುವುದನ್ನು ತಡೆಯಲಿ, ಇನ್ನೊಂದು ಜೋಡಿ ನಡುಕದ ಸೆನ್ಸರಿನ ಬಾಯಿ ಮುಚ್ಚಲಿ. ಬಾಗಿಲು, ಬಾನೆಟ್ಟು, ಡಿಕ್ಕಿಯ ಕಾವಲು ಹಾಗೇ ಇರಲಿ. ಟೈಮರ್ ನಿಂತೊಡನೆ ರಿಲೇ ಬೀಳುತ್ತದೆ, ಅಲಾರ್ಮ್ 'ಇನ್ನು ನನ್ನ ಮನೆ' ಎಂದು ಪೂರ್ತಿ ಎಚ್ಚರವಾಗುತ್ತದೆ. ಈಗಿನವರು ಲ್ಯಾಪ್‌ಟಾಪ್ ಸಿಕ್ಕಿಸಿ ಇದನ್ನೇ ಎರಡು ಗುಂಡಿ ಒತ್ತಿ ಮಾಡುತ್ತಾರೆ. ಮಾಡಲಿ. ಆದರೆ ಪರದೆಯ ಮೇಲೆ ಎಲ್ಲ ಸರಿ ಎಂದು ಬಂದ ಮಾತ್ರಕ್ಕೆ ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು ಆ ಪರದೆಗೆ ಗೊತ್ತಿರುವುದಿಲ್ಲ.

ಈಗ ಆ ತಂತಿಗೆ ಬರುತ್ತೇನೆ.

ಟೈಮರಿನ ಡಬ್ಬಿಯಿಂದ ತೆಳ್ಳನೆಯದೊಂದು ತಂತಿ ಬರುತ್ತದೆ. ಅದು ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಹೋಗಬೇಕು. ಹ್ಯಾಂಡ್‌ಬ್ರೇಕ್ ಎಳೆದರೆ ಆ ತಂತಿಗೆ ಅರ್ತ್ ಸಿಗುತ್ತದೆ. ಕಾರು ಕದಲುವುದಿಲ್ಲ ಎಂಬ ಭರವಸೆಯ ಮೇಲೆ ಟೈಮರ್ ಎಂಜಿನ್ ಓಡಿಸುತ್ತದೆ. ಎಳೆಯದಿದ್ದರೆ ಚಾವಿ ತೆಗೆದೊಡನೆ ಎಂಜಿನ್ ಸಾಯಬೇಕು. ನಾನು ಆ ತಂತಿಯನ್ನು ಸ್ವಿಚ್ಚಿಗೆ ಒಯ್ಯಲೇ ಇಲ್ಲ. ಸೀಟಿನ ಪಕ್ಕದ ಕಾರ್ಪೆಟ್ಟಿನ ಕೆಳಗೆ ಕಾರಿನ ಬಾಡಿಗೇ ಸ್ಕ್ರೂ ಹಾಕಿ ಬಿಗಿದುಬಿಟ್ಟೆ. ಕಾರಿನಲ್ಲಿ ಬಾಡಿಯೇ ಅರ್ತ್. ಅಂದರೆ ಟೈಮರಿನ ಲೆಕ್ಕಕ್ಕೆ ಹ್ಯಾಂಡ್‌ಬ್ರೇಕ್ ಸದಾ ಎಳೆದೇ ಇದೆ.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಸೋಮಾರಿತನ ಅಲ್ಲ. ಅಪ್ಪನ ಅಂಗಡಿಗೆ ಬರುತ್ತಿದ್ದ ಟ್ಯಾಕ್ಸಿಗಳಲ್ಲಿ ಹ್ಯಾಂಡ್‌ಬ್ರೇಕ್ ಎಂದರೆ ಡ್ರೈವರ್ ಟವೆಲ್ ತೂಗುಹಾಕುವ ಗೂಟ. ಅದು ಹಿಡಿಯುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಗಾಡಿ ನಿಲ್ಲಿಸಿದರೆ ಫಸ್ಟ್ ಗೇರು, ಚಕ್ರದ ಹಿಂದೆ ಒಂದು ಕಲ್ಲು. ಹ್ಯಾಂಡ್‌ಬ್ರೇಕಿನ ಸ್ವಿಚ್ಚನ್ನು ನಂಬಿ ತಂತಿ ಒಯ್ದರೆ ನಾಳೆ ಟೈಮರ್ ಕೆಲಸ ಮಾಡುತ್ತಿಲ್ಲ ಎಂದು ಗಿರಾಕಿ ಬಾಗಿಲಿಗೆ ಬರುತ್ತಾನೆ. ಬಾಡಿಗೆ ಬಿಗಿದರೆ ಆ ರಗಳೆಯೇ ಇಲ್ಲ. ಈ ಯೋಚನೆಯನ್ನು ನಾನು ಮಾಡಲೂ ಇಲ್ಲ, ಕೈ ತಾನೇ ಮಾಡಿತು. ಕೈಗೆ ಹದಿನೆಂಟು ವರ್ಷದ ಹುಬ್ಬಳ್ಳಿಯ ಅಭ್ಯಾಸವಿತ್ತು.

ಆ ಕೈಯನ್ನು ತಡೆಯಬೇಕಾಗಿದ್ದದ್ದು ಸರ್ಟಿಫಿಕೇಟಿನ ಫಾರ್ಮು. ಇಪ್ಪತ್ತು ಪ್ರಶ್ನೆ, ಒಂದೊಂದನ್ನೂ ಪರೀಕ್ಷಿಸಿ ಪಕ್ಕದ ಚೌಕಕ್ಕೆ ಟಿಕ್ ಹಾಕಬೇಕು. ಹದಿನೇಳನೆಯದು ಹ್ಯಾಂಡ್‌ಬ್ರೇಕಿನದು. ಆದರೆ ಹೆಂಕ್ ಪ್ರತಿ ಸೋಮವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ವಾರಕ್ಕಾಗುವಷ್ಟು ಫಾರ್ಮಿಗೆ ಒಟ್ಟಿಗೇ ಟಿಕ್ ಹಾಕಿಟ್ಟುಬಿಡುತ್ತಿದ್ದ. 'ಕ್ಲಾರ್' ಎನ್ನುತ್ತಿದ್ದ; ಮುಗಿಯಿತು ಎಂದರ್ಥ. ನಾನು ಕೆಳಗೆ ಸಹಿ ಹಾಕಿದೆ.

ಪ್ರವೀಣ ಒಂದು ವಾರ ಸುಖವಾಗಿದ್ದ. ಎರಡನೇ ಶನಿವಾರ ಮಧ್ಯಾಹ್ನ ಫೋನು ಬಂತು.

'ಆಂಟಿ, ಕಾರು ಹಾರ್ತು.'

'ಏನಂದಿ?'

'ಮುಂದಕ್ಕೆ ಹಾರ್ತು ಆಂಟಿ. ಪಕ್ಕದ ಮನೆಯವರ ಸೈಕಲ್ ಪುಡಿಪುಡಿ.'

ಸೈಕಲ್ ಎಂದರೆ ಸಾದಾ ಸೈಕಲ್ ಅಲ್ಲ. ಮುಂದುಗಡೆ ದೊಡ್ಡ ಮರದ ಪೆಟ್ಟಿಗೆ ಇರುತ್ತದಲ್ಲ, ಇಲ್ಲಿನ ತಾಯಂದಿರು ಮಕ್ಕಳನ್ನು ಕೂರಿಸಿಕೊಂಡು ಹೋಗುವುದು, ಅದು. ಕಾಗದ ಬರೆದಿದ್ದಳಲ್ಲ, ಆಕೆಯದೇ. ಇಬ್ಬರು ಮಕ್ಕಳನ್ನು ಆಗಷ್ಟೇ ಪೆಟ್ಟಿಗೆಯಿಂದ ಎತ್ತಿ ಮನೆಯೊಳಗೆ ಬಿಟ್ಟು, ಸಾಮಾನಿನ ಚೀಲ ತೆಗೆದುಕೊಳ್ಳಲು ವಾಪಸ್ ಬರುತ್ತಿದ್ದಳಂತೆ. ಆಕೆಯ ಕಣ್ಣೆದುರೇ ಕಾರು ನೆಗೆದು ಆ ಪೆಟ್ಟಿಗೆಯನ್ನು ದೀಪದ ಕಂಬಕ್ಕೆ ಒತ್ತಿ ಹಿಡಿಯಿತು.

ನನಗೆ ಕೂಡಲೇ ತಿಳಿಯಿತು. ಆದರೂ ಕೇಳಿದೆ.

'ಹ್ಯಾಂಡ್‌ಬ್ರೇಕ್ ಎಳದಿದ್ಯೇನು?'

'ಇಲ್ಲ ಆಂಟಿ. ದಿನಾ ಎಳೀತಿದ್ದೆ, ನೀವು ಹೇಳಿದ್ರಿ ಅಂತ. ಇವತ್ತು ಆಫೀಸಿಂದ ಕಾಲ್ ಬಂತು, ಮಾತಾಡ್ತಾ ಇದ್ದೆ. ಫಸ್ಟ್ ಗೇರಿಗೆ ಹಾಕ್ದೆ, ಕೀ ತೆಗೆದೆ, ಕ್ಲಚ್ ಬಿಟ್ಟೆ. ಊರಲ್ಲಿ ಅಪ್ಪ ಹಾಗೇ ಕಲ್ಸಿದ್ದು.'

ಅವನ ಅಪ್ಪ ಮೈಸೂರಿನಲ್ಲಿ ಕಲಿಸಿದ್ದನ್ನು ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ಕಲಿಸಿದ್ದ. ಚಾವಿ ತೆಗೆದ ಮೇಲೂ ಓಡುತ್ತಿದ್ದ ಎಂಜಿನ್ನು ಗೇರಿನಲ್ಲಿತ್ತು. ಕ್ಲಚ್ ಬಿಟ್ಟರೆ ಕಾರು ಹಾರದೆ ಕೂತಿರುತ್ತದೆಯೇ?

ತಪ್ಪು ತನ್ನದೇ ಎಂದು ಪ್ರವೀಣ ತಿಳಿದ. ಪಕ್ಕದ ಮನೆಯಾಕೆಗೆ ಹೂಗುಚ್ಛ ಒಯ್ದು ತಲೆ ತಗ್ಗಿಸಿ ನಿಂತ. ಆಕೆ ಹೂ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಆಮೇಲೆ ಅವನು ಬೀದಿಗೆ ಬಂದರೂ ಮಕ್ಕಳನ್ನು ಒಳಗೆ ಕರೆಯುತ್ತಿದ್ದಳಂತೆ. ಸುಮನಾ ಕಾರಿನ ಚಾವಿ ಕಿತ್ತುಕೊಂಡು, 'ನೀನಿನ್ಮೇಲೆ ಬಸ್ಸಲ್ಲಿ ಹೋಗು. ಮಕ್ಕಳು ಅದರಲ್ಲೇ ಕೂತಿದ್ದಿದ್ರೆ?' ಎಂದಳು. ಅವನು ಬಸ್ಸಿನಲ್ಲಿ ಹೋಗತೊಡಗಿದ.

ಮಂಗಳವಾರ ಕಾರನ್ನು ನಮ್ಮ ವರ್ಕ್‌ಶಾಪಿಗೆ ತಂದರು. ವಿಮೆಯ ಕಡೆಯಿಂದ ತಪಾಸಣೆಗೆ ಒಬ್ಬ ಹೆಂಗಸು ಎರಡು ಗಂಟೆಗೆ ಬರುವವಳಿದ್ದಳು. ಹನ್ನೆರಡೂವರೆಗೆ ಹೆಂಕ್ ಬ್ರೆಡ್ಡು ತಿನ್ನಲು ಒಳಕೋಣೆಗೆ ಹೋದ. ನಾನು ಕಾರಿಗೆ ಹತ್ತಿ ಕಾರ್ಪೆಟ್ ಎತ್ತಿದೆ. ಕಪ್ಪು ತಂತಿ, ನಾಲ್ಕು ಗಂಟು, ತುದಿಗೆ ಬಳೆ, ಬಳೆಯ ಮೇಲೆ ಸ್ಕ್ರೂ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸ್ವಿಚ್ಚು ಅಲ್ಲಿಂದ ಒಂದು ಗೇಣು. ಸ್ಕ್ರೂ ಬಿಚ್ಚಿ ತಂತಿಯನ್ನು ಅಲ್ಲಿಗೆ ಸಿಕ್ಕಿಸಲು ಐದು ನಿಮಿಷ ಸಾಕು. ಆಮೇಲೆ ಯಾರು ನೋಡಿದರೂ ಎಲ್ಲ ಸರಿಯಾಗಿದೆ. ಟೈಮರ್ ಡಬ್ಬಿಯೇ ಎಲ್ಲೋ ಕೈಕೊಟ್ಟಿರಬೇಕು, ಇಲ್ಲವೇ ಆ ಹುಡುಗ ಏನೋ ಸುಳ್ಳು ಹೇಳುತ್ತಿರಬೇಕು. ಸಹಿ ಉಳಿಯುತ್ತದೆ. ನಾನು ಒಳ್ಳೆಯವಳು ಎಂದು ತೋರಿಸಿಕೊಳ್ಳಲು ಬರೆಯುತ್ತಿಲ್ಲ. ಸ್ಕ್ರೂಡ್ರೈವರ್ ಸ್ಕ್ರೂ ಮೇಲೆ ಇಟ್ಟಿದ್ದೆ, ಅರ್ಧ ಸುತ್ತು ತಿರುಗಿಸಿಯೂ ಇದ್ದೆ.

ಆಗ ಹೊರಗೆ ಪ್ರವೀಣನ ದನಿ. ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ಒಳಕೋಣೆಯ ಬಾಗಿಲಲ್ಲಿ ನಿಂತು ಹೆಂಕ್‌ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: ನನ್ನದೇ ತಪ್ಪು, ಆಂಟಿ ಸರಿಯಾಗಿಯೇ ಹೇಳಿಕೊಟ್ಟಿದ್ದರು, ನಾನೇ ಮರೆತೆ, ನನಗೆ ಕಾರು ಓಡಿಸುವ ಯೋಗ್ಯತೆ ಇಲ್ಲ. ಮೂರು ದಿನದಿಂದ ಸಿಕ್ಕಿದವರಿಗೆಲ್ಲ ಇದನ್ನೇ ಹೇಳುತ್ತಿದ್ದ. ನನಗೆ ರೇಗಿಹೋಯಿತು. ನನ್ನ ತಪ್ಪನ್ನು ಇವನು ಯಾಕೆ ಹೊತ್ತುಕೊಂಡು ಊರೆಲ್ಲ ತಿರುಗುತ್ತಿದ್ದಾನೆ? ಹ್ಯಾಂಡ್‌ಬ್ರೇಕ್ ಮರೆಯುವವರು ಇದ್ದೇ ಇರುತ್ತಾರೆ ಎಂದೇ ಆ ತಂತಿಯನ್ನು ಯಾರೋ ಜಪಾನಿನಲ್ಲಿ ಕೂತು ಯೋಚಿಸಿ ಇಟ್ಟದ್ದು.

ತಲೆ ಹೊರಗೆ ಹಾಕಿ ಕೂಗಿದೆ. 'ಬಾಯಿ ಮುಚ್ಚೋ ಪ್ರವೀಣಾ! ಇಲ್ಲಿ ಬಾ. ಹೆಂಕ್, ನೀನೂ ಬಾ.'

ಹೆಂಕ್ ಬ್ರೆಡ್ಡು ಕೈಯಲ್ಲೇ ಹಿಡಿದು ಬಂದು ಬಗ್ಗಿ ನೋಡಿದ. ಗಂಟು ಎಣಿಸಿದ. ನಾವು ಮಾತಾಡುತ್ತಿದ್ದದ್ದು ಡಚ್‌ನಲ್ಲಿ. ನನ್ನ ಡಚ್ ಎಷ್ಟು ಕೆಟ್ಟದ್ದೆಂದು ಇಲ್ಲಿ ಬರೆದು ತೋರಿಸಲಾರೆ.

'ನಾಲ್ಕು ಗಂಟು ಹ್ಯಾಂಡ್‌ಬ್ರೇಕಿಂದಲ್ವಾ?'

'ಹೌದು.'

'ಇದು ಬಾಡಿಯಲ್ಲಿದೆ.'

'ಹೌದು.'

'ಯಾಕೆ ಖಂಗಾ?'

'ನಮ್ಮೂರಲ್ಲಿ ಹ್ಯಾಂಡ್‌ಬ್ರೇಕ್ ಕೆಲಸ ಮಾಡಲ್ಲ.'

'ಇದು ನಿಮ್ಮೂರಲ್ಲ!' ಎಂದು ಅವನು ಕಿರುಚಿದ ರಭಸಕ್ಕೆ ಬ್ರೆಡ್ಡಿನ ಚೂರು ನನ್ನ ಮುಖಕ್ಕೆ ಬಿತ್ತು. 'ಹ್ಯಾಂಡ್‌ಬ್ರೇಕ್ ಇಳಿಸಿದರೂ ಎಂಜಿನ್ ನಿಲ್ಲಲ್ಲ ಅಂದ್ರೆ ಕಳ್ಳನಿಗೂ ಅನುಕೂಲ! ಯಾಕೆ ಕೇಳಲಿಲ್ಲ ನನ್ನ? ಫಾರ್ಮಲ್ಲಿ ಹದಿನೇಳನೇ ಚೌಕ ಏನಕ್ಕಿದೆ?' ಎಂದವನು ಅಲ್ಲಿಗೇ ನಿಂತ. ಹದಿನೇಳನೇ ಚೌಕದ ಟಿಕ್ ಯಾರದೆಂದು ಅವನಿಗೆ ನೆನಪಾಯಿತು. ಕಿವಿ ಕೆಂಪಾದವು.

ಪ್ರವೀಣ ನಮ್ಮಿಬ್ಬರ ಮುಖ ನೋಡಿದ. 'ಅಂದ್ರೆ... ಆ ವೈರ್ ಸರಿ ಇದ್ದಿದ್ರೆ ಕಾರು ಹಾರ್ತಿರ್ಲಿಲ್ವಾ ಆಂಟಿ?'

'ಹಾರ್ತಿದ್ದಿಲ್ಲ. ನೀ ಮರತಿದ್ರೂ ಹಾರ್ತಿದ್ದಿಲ್ಲ.'

ಅವನು ಅಲ್ಲೇ ಇದ್ದ ಟೈರಿನ ಮೇಲೆ ಕೂತ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಫೋನು ತೆಗೆದು ಹೆಂಡತಿಗೆ ಹಚ್ಚಿ, 'ಸುಮನಾ, ಬರೀ ನನ್ನೊಬ್ಬನದೇ ಅಲ್ವಂತೆ ಕಣೇ' ಎಂದ. ನಾನು ಆಚೆ ಹೋಗಿ ಕೈ ತೊಳೆದುಕೊಂಡೆ.

ಎರಡು ಗಂಟೆಗೆ ಬಂದ ತಪಾಸಣೆಯವಳು ಫಾರ್ಮು ನೋಡಿ ಮೊದಲು ಕೇಳಿದ್ದೇ, 'ಟಿಕ್ಕಿನ ಶಾಯಿ ನೀಲಿ, ಸಹಿಯ ಶಾಯಿ ಕಪ್ಪು. ಯಾಕೆ?' ಎಂದು. ನಾನು ಹೆಂಕ್‌ನ ಮುಖ ನೋಡಿದೆ. ಅವನು ನೆಲ ನೋಡಿದ. 'ಟಿಕ್ ನನ್ನದು' ಎಂದು ಅವನೇ ಹೇಳಿದ, 'ಸೋಮವಾರವೇ ಹಾಕಿಡ್ತೀನಿ.' 'ತಂತಿ ನನ್ನದು, ಸಹಿ ನನ್ನದು' ಎಂದೆ ನಾನು. ಅವಳು ಎರಡನ್ನೂ ಬರೆದುಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಸೈಕಲ್ಲಿನ ಹೊರೆ ಪ್ರವೀಣನ ತಲೆಯಿಂದ ಇಳಿದು ವರ್ಕ್‌ಶಾಪಿನ ತಲೆಗೆ ಬಂತು. ಎರಡು ವಾರದ ಮೇಲೆ ಕಾಗದ ಬಂತು: ನನ್ನ ಸಹಿ ರದ್ದು. ನಾನು ಮತ್ತೆ ಪರೀಕ್ಷೆ ಕೊಟ್ಟು ಪಾಸಾಗುವವರೆಗೆ ಆ ವರ್ಕ್‌ಶಾಪಿನಿಂದ ಒಂದು ಸರ್ಟಿಫಿಕೇಟೂ ಹೊರಡಕೂಡದು.

ಕಾಗದ ಬಂದ ನಾಲ್ಕನೇ ದಿನ ಹೆಂಕ್ ಟಿಕ್ ಹಾಕಿಟ್ಟಿದ್ದ ಫಾರ್ಮುಗಳನ್ನೆಲ್ಲ ಹರಿದು ಕಸದ ಬುಟ್ಟಿಗೆ ಹಾಕಿ, 'ನನಗೆ ಡ್ಯಾಶ್‌ಬೋರ್ಡಿನ ಕೆಳಗೆ ಹೋಗಕ್ಕಾಗಲ್ಲ. ನೀನು ಪಾಸಾಗದಿದ್ರೆ ಮುಚ್ಚೋದೇ' ಎಂದ. ಆ ತಿಂಗಳುಗಳಲ್ಲಿ ನಾವು ಕಾರುಗಳಿಗೆ ರೇಡಿಯೊ ಹಾಕಿದೆವು, ಸೈಕಲ್ ಹೊರುವ ಕೊಕ್ಕೆ ಹಾಕಿದೆವು. ಅಲಾರ್ಮಿಗೆ ಬಂದವರನ್ನು ವಾಪಸ್ ಕಳಿಸಿದೆವು.

ಈ ಸಲದ ಪರೀಕ್ಷೆ ಬಾಯಿಪಾಠದ್ದಲ್ಲ. ಬೇಕೆಂದೇ ತಪ್ಪು ಮಾಡಿಟ್ಟ ಕಾರು ಕೊಟ್ಟು, ಒಂದೂವರೆ ಗಂಟೆಯಲ್ಲಿ ಎಲ್ಲ ತಪ್ಪು ಹುಡುಕಿ ಎನ್ನುತ್ತಾರೆ. ನಾನು ಒಂದೊಂದು ತಂತಿಯನ್ನೂ ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಹಿಡಿದುಕೊಂಡೇ ಹೋದೆ. ನಾಲ್ಕು ತಪ್ಪು ಹುಡುಕಿದೆ, ಐದನೆಯದರ ಹತ್ತಿರ ಬಂದಾಗ ಹೊತ್ತು ಮುಗಿಯಿತು. ಫೇಲು. ಬೇಗ ಮಾಡಿದ್ದಕ್ಕೆ ಸಹಿ ಕಿತ್ತುಕೊಂಡರು, ನಿಧಾನಕ್ಕೆ ಮಾಡಿದ್ದಕ್ಕೆ ವಾಪಸ್ ಕೊಡಲಿಲ್ಲ. ಸೊಸೆ ತೆಗೆದ ಬೈಗುಳಗಳಲ್ಲಿ ಒಂದು ಇಲ್ಲಿತ್ತು.

ಆಮೇಲೆ ಎರಡು ತಿಂಗಳು ಹೆಂಕ್ ದಿನಾ ಬೆಳಗ್ಗೆ ನಾನು ಬರುವ ಮುಂಚೆ ತನ್ನ ಹಳೆಯ ವ್ಯಾನಿನಲ್ಲಿ ಐದು ತಪ್ಪು ಮಾಡಿಟ್ಟು, ಗಡಿಯಾರ ಹಿಡಿದು ಕೂರುತ್ತಿದ್ದ. ಆ ಬಾಳೆಕಾಯಿ ಬೆರಳಿನವನು ಎಷ್ಟು ಒರಟಾಗಿ ತಪ್ಪು ಮಾಡುತ್ತಿದ್ದನೆಂದರೆ, ಅವನು ಮಾಡಬೇಕೆಂದಿದ್ದದ್ದು ಐದು, ಆಗುತ್ತಿದ್ದದ್ದು ಎಂಟು. ಎಂಟನ್ನೂ ಹುಡುಕುತ್ತಿದ್ದೆ. ಮತ್ತೆ ಪರೀಕ್ಷೆಗೆ ಹೋದಾಗ ಹತ್ತು ನಿಮಿಷ ಉಳಿಯಿತು.

ಸಹಿ ವಾಪಸ್ ಬಂದ ವಾರ ಮೊದಲು ತರಿಸಿದ್ದು ಪ್ರವೀಣನ ಕಾರನ್ನೇ. ಅಷ್ಟು ತಿಂಗಳೂ ಅದು ಸರ್ಟಿಫಿಕೇಟಿಲ್ಲದೆ ಅವನ ಮನೆಯ ಮುಂದೆ ಎಲೆ ಬೀಳಿಸಿಕೊಂಡು ನಿಂತಿತ್ತು. ಟೈಮರ್ ಕಿತ್ತು ಬಿಸಾಡು ಎಂದು ಎಲ್ಲರೂ ಹೇಳಿದ್ದರು, ನಾನೂ ಹೇಳಿದ್ದೆ. ಅವನು ಕೇಳಲಿಲ್ಲ. ತಂತಿಯನ್ನು ಸ್ವಿಚ್ಚಿಗೆ ಒಯ್ದು, ಕಾರಿನ ಮುಂದೆ ನಾಲ್ಕು ಹಳೆಯ ಟೈರ್ ಒಟ್ಟಿ, ಅವನನ್ನು ಕರೆದೆ.

'ಕುಂದ್ರು. ಚಾಲೂ ಮಾಡು. ಫಸ್ಟ್ ಗೇರ್ ಹಾಕು. ಹ್ಯಾಂಡ್‌ಬ್ರೇಕ್ ಇಳಸು.'

'ಆಂಟಿ, ಭಯ ಆಗುತ್ತೆ.'

'ಚಾವಿ ತಗಿ ಅಂದೆ.'

ತೆಗೆದ. ಎಂಜಿನ್ ಅಲ್ಲೇ ಸತ್ತಿತು. ಕ್ಲಚ್ ಬಿಟ್ಟ. ಕಾರು ಮಿಸುಕಲಿಲ್ಲ. ಇನ್ನೊಮ್ಮೆ ಎಂದೆ, ಇನ್ನೊಮ್ಮೆ ಸತ್ತಿತು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆಸಿ, ನ್ಯೂಟ್ರಲ್‌ಗೆ ಹಾಕಿಸಿ, ಚಾವಿ ತೆಗೆಸಿ, ಹೊರಗೆ ಬಂದು ಲಾಕ್ ಮಾಡಿಸಿದೆ. ಎಂಜಿನ್ ತನ್ನ ಪಾಡಿಗೆ ಗುರುಗುಟ್ಟಿತು, ಅಲಾರ್ಮ್ ತುಟಿ ಬಿಚ್ಚಲಿಲ್ಲ. ಹೊತ್ತಾದ ಮೇಲೆ ಎಂಜಿನ್ ನಿಂತಿತು, ದೀಪ ಎರಡು ಸಲ ಮಿಟುಕಿತು. ಬಾನೆಟ್ಟಿಗೆ ಒಂದು ಗುದ್ದು ಗುದ್ದಿದೆ. ಬೀದಿ ಎದ್ದು ಕೂರುವ ಹಾಗೆ ಕೂಗಿತು.

ಹೆಂಕ್ ಖಾಲಿ ಫಾರ್ಮು ಹಿಡಿದು ಒಂದೊಂದೇ ಓದಿದ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ, ಅವನು ಒಂದೊಂದಕ್ಕೇ ಟಿಕ್ ಹಾಕಿದ. ಹದಿನೇಳಕ್ಕೆ ಬಂದಾಗ, 'ತಡಿ' ಎಂದು ಪ್ರವೀಣನನ್ನು ಮತ್ತೆ ಕಾರಿಗೆ ಹತ್ತಿಸಿದೆ. ಮೂರನೇ ಸಲವೂ ಎಂಜಿನ್ ಸತ್ತಿತು.

'ಆಂಟಿ, ಆಯ್ತಲ್ಲ, ಸೈನ್ ಮಾಡಿ. ನಂಗೆ ಮೀಟಿಂಗ್ ಇದೆ' ಎಂದ ಪ್ರವೀಣ.

'ಸಾಕು ಖಂಗಾ' ಎಂದು ಹೆಂಕ್ ಪೆನ್ನು ಚಾಚಿದ. 'ಕ್ಲಾರ್.'

'ಸಹಿ ನನ್ನದು' ಎಂದೆ. 'ಕ್ಲಾರ್ ಅನ್ನೋದು ನಾನು.'

ಪ್ರವೀಣ ನಾಲ್ಕನೇ ಸಲ ಚಾವಿ ತಿರುಗಿಸಿದ, ಗೇರ್ ಹಾಕಿದ, ಹ್ಯಾಂಡ್‌ಬ್ರೇಕ್ ಇಳಿಸಿದ, ಚಾವಿ ತೆಗೆದ. ಎಂಜಿನ್ ಸತ್ತಿತು. ಆಮೇಲೆ ಸಹಿ ಹಾಕಿದೆ.